ಸೊಂಟದೊಳಗೊಂದು ಪಂಜರ

1/8

ಫೋಟೋದಲ್ಲಿ ಕಿಟಕಿ ಬೆಳಕಿಗೆ ಹಿಡಿದಿರೋದು ನಮ್ಮಪ್ಪನ ಎಂಆರ್‌ಐ ಫಿಲ್ಮ್. ಹೆಸರು ಇರೋ ಮೂಲೆಯನ್ನ ಬೆರಳಿಂದ ಮುಚ್ಚಿದ್ದೀನಿ. ಕೆಳಗಿಂದ ಎರಡನೇ ಸಂದು ನೋಡಿ. ಮೇಲಿನವೆಲ್ಲ ಬೆಳ್ಳಗೆ ತುಂಬ್ಕೊಂಡಿವೆ, ಅದೊಂದು ಮಾತ್ರ ಕಪ್ಪಾಗಿ ಚಪ್ಪಟೆಯಾಗಿದೆ. ಅದಕ್ಕೆ ಎಲ್4-ಎಲ್5 ಅಂತಾರೆ. ಅಪ್ಪನ ಲೆಕ್ಕದಲ್ಲಿ ಅದು 26 ವರ್ಷ ಲಾರಿ ಓಡಿಸಿದ್ದಕ್ಕೆ ಸಿಕ್ಕ ಬೋನಸ್ಸು.

ಡಾಕ್ಟರ್ ಹೇಳಿದ್ದು ಇಷ್ಟು: ಸವೆದ ಡಿಸ್ಕ್ ತೆಗೆಯೋದು, ಆ ಜಾಗದಲ್ಲಿ ಒಂದು ಕೇಜ್ ಇಡೋದು, ಮೇಲಿನ ಕೆಳಗಿನ ಮೂಳೆ ಎರಡೂ ಕೂಡಿ ಒಂದಾಗೋ ಹಾಗೆ ಮಾಡೋದು. ಫ್ಯೂಷನ್ ಆಪರೇಷನ್. ‘ಯಾವ ಕೇಜ್ ಸಾರ್?’ ಅಂದೆ. ‘ಹೊಸದು ಬಂದಿದೆ, ಚೆನ್ನಾಗಿದೆ’ ಅಂದ್ರು. ಅವರ ಮೇಲೆ ನಂಗೇನೂ ದೂರಿಲ್ಲ, ಹೊರಗೆ ನಲವತ್ತು ಜನ ಕಾಯ್ತಿದ್ರು. ಆದರೆ ಆ ಎರಡು ಪದ ನನ್ನ ಜೊತೆ ಬಸ್ ಹತ್ತಿ ಮನೆವರೆಗೂ ಬಂದ್ವು. ಹೊಸದು, ಚೆನ್ನಾಗಿದೆ. ಹೊಸದು ಚೆನ್ನಾಗಿದೆ ಅಂತ ಯಾರು ತೀರ್ಮಾನ ಮಾಡ್ತಾರೆ? ಯಾರ ಸೊಂಟದ ಮೇಲೆ ಪರೀಕ್ಷೆ ಮಾಡಿ?

ಮೊದಲೇ ಹೇಳಿಬಿಡ್ತೀನಿ, ನಾನು ಓದ್ತಿರೋದು ಬಿಕಾಂ, ಡಾಕ್ಟರ್ ಅಲ್ಲ. ಆಪರೇಷನ್ ಮಾಡಿಸ್ಕೊಳ್ಳಿ ಅಥವಾ ಬೇಡ ಅಂತ ಈ ಸರಣಿ ನಿಮಗೆ ಹೇಳೋದಿಲ್ಲ. ಒಂದು ಸಾಧನವನ್ನ ಪರೀಕ್ಷೆ ಮಾಡಿದ ಕಥೆ ಇದು, ಹೆಚ್ಚಿನದೆಲ್ಲ ಅಮೆರಿಕದಲ್ಲಿ ನಡೆದದ್ದು. ಸ್ವಲ್ಪ ಉದ್ದ ಇದೆ. ಸೇವ್ ಮಾಡಿಟ್ಕೊಂಡು ನಿಧಾನಕ್ಕೆ ಓದಿ.

2/8

ಈ ಫೋಟೋ ನಮ್ಮ ಬೀದಿ ಕೊನೇಲಿ ಮೇಲೇಳ್ತಿರೋ ಮನೆದು. ಸೆಂಟ್ರಿಂಗ್ ಹೊಡೆದು ನಿಲ್ಸಿದ್ದಾರೆ ನೋಡಿ.

ಫ್ಯೂಷನ್ ಅಂದ್ರೆ ಕಬ್ಬಿಣದಿಂದ ಮೂಳೆಗೆ ಬೆಸುಗೆ ಹಾಕೋದು ಅಂತ ನಾನು ಅಂದ್ಕೊಂಡಿದ್ದೆ. ಹಾಗಲ್ಲ. ಲೋಹ ಮಾಡೋದು ಸೆಂಟ್ರಿಂಗ್ ಕೆಲಸ ಮಾತ್ರ. ಅಲುಗಾಡದ ಹಾಗೆ ಹಿಡಿದುಕೊಂಡಿರುತ್ತೆ, ಅಷ್ಟೇ. ನಿಜವಾದ ಕಾಂಕ್ರೀಟು ಅಂದ್ರೆ ಸ್ವಂತ ಮೂಳೆ. ಅದು ತಿಂಗಳುಗಟ್ಟಲೆ ತಗೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಳೆದು ಕೂಡಿಕೊಳ್ಳಬೇಕು. ಅದು ಬೆಳೀಲಿಲ್ಲ ಅಂದ್ರೆ ಎಷ್ಟು ಗಟ್ಟಿ ಲೋಹವಾದರೂ ಒಂದಲ್ಲ ಒಂದು ದಿನ ಸಡಿಲ ಆಗುತ್ತೆ, ಇಲ್ಲಾ ಮುರಿಯುತ್ತೆ.

ಶುರುವಿನಲ್ಲಿ ಲೋಹವೇ ಇರಲಿಲ್ಲ. 1911ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ, ಒಂದೇ ವರ್ಷ ಬೇರೆ ಬೇರೆಯಾಗಿ ಈ ಆಪರೇಷನ್ ಬಗ್ಗೆ ಬರೆದರು. ಅದು ಸವೆದ ಡಿಸ್ಕಿಗಲ್ಲ, ಬೆನ್ನುಮೂಳೆಗೆ ತಗುಲಿದ ಕ್ಷಯಕ್ಕೆ. ಕ್ಷಯ ಮೂಳೆಯನ್ನ ತಿಂದು ಬೆನ್ನು ಗೂನಾಗ್ತಿತ್ತು. ಹಿಬ್ಸ್ ಬೆನ್ನುಮೂಳೆಯ ಹಿಂಭಾಗದ ಚೂರುಗಳನ್ನೇ ಒಂದರ ಮೇಲೊಂದು ಮಡಚಿ ಕೂಡಿಸಿದ. ಆಲ್ಬೀ ಮೊಣಕಾಲ ಕೆಳಗಿನ ಮೂಳೆಯಿಂದ ಒಂದು ಪಟ್ಟಿ ಕತ್ತರಿಸಿ ತಂದು ಬೆನ್ನಿಗೆ ಜೋಡಿಸಿದ.

ಆಮೇಲೆ ಕಾಲಿನ ಬದಲು ಸೊಂಟದ ಪಕ್ಕದ ಮೂಳೆಯಿಂದ ತೆಗೆಯೋದು ರೂಢಿಯಾಯ್ತು. ನಿಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರೆ ಗಟ್ಟಿಯಾಗಿ ಸಿಗುತ್ತಲ್ಲ, ಅದೇ ಮೂಳೆ. ಅದರಲ್ಲಿ ಒಂದು ತಕರಾರಿತ್ತು. ಬೆನ್ನುನೋವಿಗೆ ಅಂತ ಹೋದವನಿಗೆ ಇನ್ನೊಂದು ಕಡೆ ಗಾಯ ಆಗ್ತಿತ್ತು, ಕೆಲವರಿಗೆ ಆ ನೋವು ವರ್ಷಗಟ್ಟಲೆ ಉಳೀತಿತ್ತು. ಮುಂದೆ ಬರೋ ಕೋಟಿಗಟ್ಟಲೆ ವ್ಯಾಪಾರವೆಲ್ಲ ನಿಂತಿರೋದು ಈ ಎರಡನೇ ಗಾಯದ ಮೇಲೆ. ಇದನ್ನ ನೆನಪಿಟ್ಕೊಳ್ಳಿ.

3/8

ಹೌದು, ಇದು ಕುದುರೆ. ಪೋಸ್ಟ್ ತಪ್ಪಾಗಿ ಹಾಕಿಲ್ಲ.

ಕೆಲವು ಕುದುರೆಗಳಿಗೆ ಕತ್ತಿನ ಮೂಳೆ ನರವನ್ನ ಒತ್ತಿ, ಕುಡಿದವರ ಹಾಗೆ ತೂರಾಡೋ ಕಾಯಿಲೆ ಬರುತ್ತೆ. ವೊಬ್ಲರ್ ಅಂತಾರೆ. 1970ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಜಾರ್ಜ್ ಬ್ಯಾಗ್ಬಿ ಅನ್ನೋ ಮೂಳೆ ವೈದ್ಯರು ಪಶುವೈದ್ಯರ ಜೊತೆ ಸೇರಿ ಇದಕ್ಕೊಂದು ದಾರಿ ಹುಡುಕಿದರು. ಸೊಂಟದಿಂದ ಮೂಳೆ ಕತ್ತರಿಸಿ ತರೋ ಬದಲು ತೂತು ತೂತಾದ ಸ್ಟೀಲಿನ ಒಂದು ಬುಟ್ಟಿ ಮಾಡಿದರು. ಸಂದು ಕೊರೆಯುವಾಗ ಉದುರಿದ ಮೂಳೆ ಪುಡಿಯನ್ನೇ ಅದರೊಳಗೆ ತುಂಬಿ ಇಟ್ಟರು. ತೂತುಗಳ ಮೂಲಕ ಮೂಳೆ ಬೆಳೆದು ಕೂಡಿಕೊಳ್ತು. 1977ರಲ್ಲಿ ಅಮೆರಿಕದ ಮೂರೂ ದೊಡ್ಡ ರೇಸ್ ಗೆದ್ದಿದ್ದ ಸಿಯಾಟಲ್ ಸ್ಲ್ಯೂ ಅನ್ನೋ ಕುದುರೆಗೂ ಮುಪ್ಪಿನಲ್ಲಿ, 2000ದಲ್ಲಿ, ಕತ್ತಿಗೆ ಇಂಥದೇ ಆಪರೇಷನ್ ಆಯ್ತು.

ಆ ಬುಟ್ಟಿಯ ಮನುಷ್ಯರ ಆವೃತ್ತಿಯೇ ಕೇಜ್. ಬ್ಯಾಗ್ಬಿ ಮತ್ತು ಸ್ಟೀಫನ್ ಕುಸ್ಲಿಚ್ ಹೆಸರು ಕೂಡಿಸಿ ಬಿಎಕೆ ಅಂತ ಕರೆದರು. 947 ರೋಗಿಗಳ ಮೇಲೆ ಪರೀಕ್ಷೆ ಆಯ್ತು, 1996ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡ್ತು. ಅಪ್ಪನಿಗೆ ಈ ಕಥೆ ಹೇಳಿದಾಗ ‘ಅಂದ್ರೆ ಕುದುರೆಗೆ ಹಾಕಿದ್ದನ್ನ ನಂಗೆ ಹಾಕ್ತಾರಾ’ ಅಂತ ನಕ್ಕರು. ನಗುವಾಗಲೂ ಸೊಂಟ ಹಿಡ್ಕೊಂಡೇ.

4/8

ಇದು ಹಾರ್ಡ್‌ವೇರ್ ಅಂಗಡೀಲಿ ತೆಗೆದ ಸ್ಕ್ರೂಗಳ ಫೋಟೋ. ಈ ಭಾಗ ಚಿಕ್ಕದು.

1976ರವರೆಗೂ ಅಮೆರಿಕದಲ್ಲಿ ದೇಹದೊಳಗೆ ಇಡೋ ಸಾಧನ ಮಾರೋಕೆ ಮುಂಚಿತ ಒಪ್ಪಿಗೆಯ ಕಾನೂನೇ ಇರಲಿಲ್ಲ. ಆ ವರ್ಷ ಬಂದ ಕಾನೂನು ಸಾಧನಗಳನ್ನ ಅಪಾಯದ ಪ್ರಕಾರ ಮೂರು ದರ್ಜೆ ಮಾಡ್ತು. ಜೊತೆಗೆ ಒಂದು ಸಂದಿಯನ್ನೂ ಬಿಡ್ತು. ‘ಇದು ಮಾರುಕಟ್ಟೆಯಲ್ಲಿ ಈಗಾಗಲೇ ಇರೋ ಸಾಧನದ ಥರಾನೇ’ ಅಂತ ತೋರಿಸಿದರೆ ದೊಡ್ಡ ಪರೀಕ್ಷೆ ಬೇಕಿಲ್ಲ. ಬೆನ್ನುಮೂಳೆಗೆ ಹಾಕೋ ಪೆಡಿಕಲ್ ಸ್ಕ್ರೂಗಳು ಕೈಕಾಲಿನ ಮೂಳೆಯ ಸ್ಕ್ರೂ ಅನ್ನೋ ಲೇಬಲ್‌ನಲ್ಲಿ ಈ ಸಂದಿಯಿಂದ ನುಗ್ಗಿದವು. ಬಳಕೆಯಾಗಿದ್ದು ಬೆನ್ನಿಗೆ. 1990ರ ದಶಕದಲ್ಲಿ ಸಾವಿರಾರು ಕೇಸುಗಳು ಬಿದ್ದವು, ಒಂದು ಕಂಪನಿ 10 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು. ಸುಮಾರು 3,500 ರೋಗಿಗಳ ಹಳೇ ದಾಖಲೆಗಳನ್ನ ಒಟ್ಟುಹಾಕಿ ನೋಡಿದಾಗ ಸ್ಕ್ರೂಗಳ ಫಲಿತಾಂಶ ಕೆಟ್ಟದಾಗೇನೂ ಇರಲಿಲ್ಲ, 1998ರಲ್ಲಿ ಬೆನ್ನಿಗೂ ಅಧಿಕೃತವಾಗಿ ಜಾಗ ಸಿಕ್ತು. ಅಂದ್ರೆ ಮೊದಲು ಬಳಕೆ, ಆಮೇಲೆ ಪರೀಕ್ಷೆ. ಈ ಕ್ರಮ ಮತ್ತೆ ಬರುತ್ತೆ, ನೋಡ್ತಿರಿ.

5/8

ಪಾತ್ರೆ ತಿಕ್ಕೋ ಸ್ಪಂಜಿನ ಫೋಟೋ ಯಾಕೆ ಅಂದ್ರೆ, ಈ ಕಥೆಯ ಹೀರೋನೂ ವಿಲನ್ನೂ ಒಂದು ಸ್ಪಂಜು.

1965ರಲ್ಲಿ ಲಾಸ್ ಏಂಜಲೀಸ್‌ನ ಮಾರ್ಷಲ್ ಯೂರಿಸ್ಟ್ ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು. ಮೂಳೆಯಿಂದ ಸುಣ್ಣದ ಅಂಶ ತೆಗೆದು ಉಳಿದ ಭಾಗವನ್ನ ಮೊಲದಂಥ ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ, ಮೂಳೆ ಇರಬಾರದ ಆ ಜಾಗದಲ್ಲಿ ಮೂಳೆ ಹುಟ್ಟಿತು. ಅಂದ್ರೆ ಮೂಳೆಯೊಳಗೆ ‘ಇಲ್ಲಿ ಮೂಳೆ ಬೆಳೆ’ ಅಂತ ಆಜ್ಞೆ ಕೊಡೋ ಏನೋ ಒಂದು ಪ್ರೋಟೀನ್ ಇದೆ. ಅದಕ್ಕೆ ಬಿಎಂಪಿ ಅಂತ ಹೆಸರಾಯ್ತು. 1988ರಲ್ಲಿ ಅದರ ಜೀನ್‌ಗಳನ್ನ ಗುರುತಿಸಿದರು. ಆಮೇಲೆ ಹ್ಯಾಮ್‌ಸ್ಟರ್ ಅನ್ನೋ ಪುಟ್ಟ ಪ್ರಾಣಿಯ ಜೀವಕೋಶಗಳಲ್ಲಿ ಅದನ್ನ ಕಾರ್ಖಾನೆ ಮಟ್ಟದಲ್ಲಿ ತಯಾರಿಸಿದರು.

ಈಗ ಆ ಎರಡನೇ ಗಾಯ ನೆನಪಿಸ್ಕೊಳ್ಳಿ. ಈ ಪ್ರೋಟೀನನ್ನ ಕೊಲಾಜನ್ ಸ್ಪಂಜಿಗೆ ನೆನೆಸಿ ಕೇಜ್ ಒಳಗೆ ತುಂಬಿದರೆ ಸೊಂಟದಿಂದ ಮೂಳೆ ಕತ್ತರಿಸೋದೇ ಬೇಡ! ಮೆಡ್‌ಟ್ರಾನಿಕ್ ಕಂಪನಿ ಇದಕ್ಕೆ ಇನ್‌ಫ್ಯೂಸ್ ಅಂತ ಹೆಸರಿಟ್ಟಿತು. ಕುರಿ, ಮಂಗಗಳ ಮೇಲೆ ನೋಡಿ ಆದಮೇಲೆ 14 ಜನರ ಮೇಲೆ ಸಣ್ಣ ಪ್ರಯೋಗ ಮಾಡಿದರು: 11 ಜನಕ್ಕೆ ಸ್ಪಂಜು, ಮೂವರಿಗೆ ಸ್ವಂತ ಮೂಳೆ. ಸ್ಪಂಜಿನ ಹನ್ನೊಂದೂ ಕೂಡಿಕೊಂಡ್ವು.

ದೊಡ್ಡ ಪರೀಕ್ಷೆಯಲ್ಲಿ 279 ಜನ ಇದ್ದರು. ಎಲ್ಲರಿಗೂ ಹೊಟ್ಟೆಯ ಕಡೆಯಿಂದ ಆಪರೇಷನ್. 143 ಜನಕ್ಕೆ ಸ್ಪಂಜು, 136 ಜನಕ್ಕೆ ಸೊಂಟದ ಮೂಳೆ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ, ಆದರೆ ಆಮೇಲೆ ರೋಗಿಗೂ ಡಾಕ್ಟರಿಗೂ ಗೊತ್ತಿರುತ್ತೆ. ಸೊಂಟದಲ್ಲಿ ಹೊಲಿಗೆ ಇದ್ಯೋ ಇಲ್ವೋ ಅಂತ ಮುಟ್ಟಿ ನೋಡ್ಕೊಂಡರೆ ಸಾಕಲ್ಲ. ಎರಡು ವರ್ಷದ ನಂತರ ಮೂಳೆ ಕೂಡಿದ್ದು ಸ್ಪಂಜಿನವರಲ್ಲಿ ನೂರಕ್ಕೆ 94.5, ಇನ್ನೊಂದು ಗುಂಪಲ್ಲಿ 88.7. 2002ರ ಜುಲೈಯಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಆದರೆ ಸೊಂಟದ ಭಾಗಕ್ಕೆ, ಮುಂಭಾಗದಿಂದ ಮಾಡೋ ಆಪರೇಷನ್‌ಗೆ, ನಿರ್ದಿಷ್ಟ ಕೇಜ್ ಜೊತೆಗೆ ಮಾತ್ರ.

ಕಾಮರ್ಸ್ ಗೆಳೆಯರಿಗೆ ಒಂದು ಮಾತು. ಈ ಕೇಜ್‌ಗಳ ಹಿಂದಿನ ಪೇಟೆಂಟುಗಳಿಗೆ ಸಂಬಂಧಪಟ್ಟ ಜಗಳ ಮುಗಿಸಿ ಅವನ್ನ ಕೊಂಡುಕೊಳ್ಳೋಕೆ ಇದೇ ಕಂಪನಿ 2005ರಲ್ಲಿ ಗ್ಯಾರಿ ಮೈಕಲ್ಸನ್ ಅನ್ನೋ ಒಬ್ಬ ಸರ್ಜನ್‌ಗೆ 135 ಕೋಟಿ ಡಾಲರ್ ಕೊಟ್ಟಿತು. ಒಬ್ಬ ಮನುಷ್ಯನಿಗೆ. ಬೆನ್ನುನೋವು ಎಷ್ಟು ದೊಡ್ಡ ಮಾರುಕಟ್ಟೆ ಅಂತ ಇದರಿಂದಲೇ ಅಂದಾಜು ಮಾಡಿ.

6/8

ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುತ್ತೆ. ನೋವು ಕಡಿಮೆಯಾಗಿದ್ದನ್ನ ಎಲ್ಲಿ ನೋಡೋದು?

ಅದಕ್ಕೆ ಇಂಥ ಪರೀಕ್ಷೆಗಳಲ್ಲೆಲ್ಲ ಬಳಸೋದು ಒಂದು ಪ್ರಶ್ನಾವಳಿ. 1980ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು, ಆಸ್‌ವೆಸ್ಟ್ರಿ ಅನ್ನೋ ಊರಿನ ಹೆಸರೇ ಅದಕ್ಕೆ. ಹತ್ತು ಪ್ರಶ್ನೆ: ನೋವು ಎಷ್ಟಿದೆ, ಸ್ನಾನ ಬಟ್ಟೆ ನೀವೇ ಮಾಡ್ಕೋತೀರಾ, ಭಾರ ಎತ್ತೋದು, ನಡೆಯೋದು, ಕೂರೋದು, ನಿಲ್ಲೋದು, ನಿದ್ದೆ, ದಾಂಪತ್ಯ, ನಾಲ್ಕು ಜನರ ಜೊತೆ ಬೆರೆಯೋದು, ಪ್ರಯಾಣ. ಒಂದೊಂದಕ್ಕೂ ಸೊನ್ನೆಯಿಂದ ಐದು ಅಂಕ. ಇಲ್ಲಿ ಹೆಚ್ಚು ಅಂಕ ಬಂದಷ್ಟೂ ಫೇಲು.

ಒಂದು ಭಾನುವಾರ ಸಂಜೆ ಜಗಲಿ ಮೇಲೆ ಕೂತು ಅಪ್ಪನಿಗೆ ಒಂದೊಂದಾಗಿ ಕೇಳಿದೆ. ಭಾರ ಎತ್ತೋದಕ್ಕೆ ‘ಹಾಲಿನ ಕ್ಯಾನ್ ಆದ್ರೆ ಸೈ, ಸಿಲಿಂಡರ್ ಬೇಡ’ ಅಂದ್ರು. ಕೂರೋದು ಅಂದಾಗ ಸ್ವಲ್ಪ ಹೊತ್ತು ಸುಮ್ಮನಾದ್ರು. ಡ್ರೈವರ್‌ಗೆ ಆ ಪ್ರಶ್ನೆ ಬೇರೆ ಥರ ಕೇಳಿಸುತ್ತೆ. ‘ಅರ್ಧ ಗಂಟೆ ಬರ್ಕೋ’ ಅಂದ್ರು, ಒಂದು ನಿಮಿಷ ಬಿಟ್ಟು ‘ಇಪ್ಪತ್ತು ನಿಮಿಷ ಅಂತ ಬರಿ’ ಅಂದ್ರು. ಎಂಟನೇದು ಬಂದಾಗ ಹಾಳೆ ಅವರ ಕೈಗೇ ಕೊಟ್ಟು ನೀರು ಕುಡಿಯೋ ನೆಪದಲ್ಲಿ ಎದ್ದು ಹೋದೆ. ವಾಪಸ್ ಬಂದು ನೋಡಿದರೆ ಅದೊಂದು ಖಾಲಿ. ಖಾಲಿ ಬಿಟ್ಟರೂ ನಡೆಯುತ್ತೆ, ಆಗ 50ರ ಬದಲು 45ಕ್ಕೆ ಲೆಕ್ಕ ಹಾಕಬೇಕು. ಅಪ್ಪನಿಗೆ 45ಕ್ಕೆ 24 ಬಂತು, ನೂರಕ್ಕೆ 53.

ಆ 279 ಜನರ ಪರೀಕ್ಷೇಲಿ ಒಬ್ಬರಿಗೆ ಗುಣವಾಗಿದೆ ಅನ್ನೋಕೆ ಈ ಅಂಕ ಕನಿಷ್ಠ 15 ಇಳೀಬೇಕಿತ್ತು. ಸ್ಪಂಜಿನ ಗುಂಪಿನಲ್ಲೂ ಸೊಂಟದ ಮೂಳೆಯ ಗುಂಪಿನಲ್ಲೂ ಸರಾಸರಿ ಇಳಿದದ್ದು 29ರ ಆಸುಪಾಸು, ಹೆಚ್ಚುಕಡಿಮೆ ಒಂದೇ. ಸ್ವೀಡನ್ನಿನಲ್ಲಿ ಅದೇ ಕಾಲದಲ್ಲಿ ಬೇರೆ ಒಂದು ಪರೀಕ್ಷೆ ನಡೀತು. ಲೋಹವೇ ಇಲ್ಲದ ಫ್ಯೂಷನ್, ಸ್ಕ್ರೂ ಹಾಕಿದ ಫ್ಯೂಷನ್, ಸ್ಕ್ರೂ ಜೊತೆ ಡಿಸ್ಕ್ ಜಾಗಕ್ಕೂ ಮೂಳೆ ತುಂಬಿದ ಫ್ಯೂಷನ್, ಈ ಮೂರನ್ನೂ ಹೋಲಿಸಿದರು. ನೋವು ಇಳಿದದ್ದು ಮೂರರಲ್ಲೂ ಒಂದೇ ಥರ. ಆಪರೇಷನ್ ದೊಡ್ಡದಾದಷ್ಟೂ ತೊಡಕು ಮಾತ್ರ ಏರ್ತಾ ಹೋಯ್ತು: ನೂರಕ್ಕೆ 6, 16, 31. 2002ರಲ್ಲಿ ಪ್ರಕಟವಾದ ಈ ಲೆಕ್ಕವನ್ನ ನಾನು ಎರಡು ಸಲ ಓದಿದೆ. ಕೂಡಿದ ಮೂಳೆ ಮತ್ತು ಕಡಿಮೆಯಾದ ನೋವು ಒಂದೇ ಅಲ್ಲ ಅನ್ನೋದನ್ನ ಯಾವ ಎಸ್ಟಿಮೇಟ್ ಹಾಳೆಯೂ ಹೇಳೋದಿಲ್ಲ.

ಅಪ್ಪ ಖಾಲಿ ಬಿಟ್ಟ ಆ ಎಂಟನೇ ಪ್ರಶ್ನೆ ಮುಂದಿನ ಭಾಗದಲ್ಲಿ ವಾಪಸ್ ಬರುತ್ತೆ. ಸ್ವೈಪ್ ಮಾಡಿ.

7/8

ನನ್ನ ಐದನೇ ಸೆಮಿಸ್ಟರ್‌ನ ಆಡಿಟಿಂಗ್ ನೋಟ್ಸ್ ಇದು. ಅಕ್ಷರ ನೋಡಿ ನಗಬೇಡಿ.

ನಮಗೆ ಟ್ರಯಲ್ ಅಂದ್ರೆ ಟ್ರಯಲ್ ಬ್ಯಾಲೆನ್ಸ್. ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ ಆದರೆ ನಿಟ್ಟುಸಿರು. ಆದರೆ ಮೊದಲ ವರ್ಷವೇ ಹೇಳಿಕೊಡ್ತಾರೆ, ಟ್ಯಾಲಿ ಆದ್ರೂ ತಪ್ಪು ಇರಬಹುದು. ಒಂದು ವ್ಯವಹಾರವನ್ನ ಪೂರ್ತಿ ಬರೆಯದೇ ಬಿಟ್ಟರೆ ಎರಡೂ ಕಡೆ ಸರಿಯಾಗೇ ಕೂಡುತ್ತೆ. ಎರರ್ ಆಫ್ ಒಮಿಷನ್. ಇನ್‌ಫ್ಯೂಸ್ ಟ್ರಯಲ್‌ಗಳೂ ಹಾಗೇ ಟ್ಯಾಲಿ ಆಗಿದ್ವು.

ಹಿಂಭಾಗದಿಂದ ಕೇಜ್ ಇಟ್ಟು ಇದೇ ಸ್ಪಂಜು ತುಂಬೋ ಇನ್ನೊಂದು ಪರೀಕ್ಷೆ ಶುರುವಾಗಿತ್ತು. 1999ರ ಡಿಸೆಂಬರ್‌ನಲ್ಲಿ, 67 ಜನ ಸೇರಿದ್ದಾಗ, ಹೊಸಬರನ್ನ ಸೇರಿಸೋದು ನಿಲ್ಲಿಸಿದರು. ಯಾಕೆ ಅಂದ್ರೆ ಸ್ಕ್ಯಾನ್‌ನಲ್ಲಿ ಮೂಳೆ ಬೇಡದ ಕಡೆ, ನರಗಳು ಹಾದುಹೋಗೋ ನಾಳದೊಳಗೆ ಬೆಳೀತಿತ್ತು. ಸ್ಪಂಜು ಪಡೆದ 32 ಜನರಲ್ಲಿ 24 ಜನಕ್ಕೆ. ಸ್ವಂತ ಮೂಳೆಯ 31 ಜನರಲ್ಲಿ 4 ಜನಕ್ಕೆ. ‘ಮೂಳೆ ಬೆಳೆ’ ಅನ್ನೋ ಆಜ್ಞೆಗೆ ಗಡಿ ಗೊತ್ತಿಲ್ಲ ನೋಡಿ. ಇದು ಜರ್ನಲ್‌ನಲ್ಲಿ ಬಂದದ್ದು 2004ರಲ್ಲಿ, ಅದರಿಂದ ರೋಗಿಗಳಿಗೆ ತೊಂದರೆ ಕಾಣಲಿಲ್ಲ ಅನ್ನೋ ಧಾಟಿಯಲ್ಲಿ. ಅಷ್ಟರಲ್ಲಿ ಸಾಧನ ಮಾರುಕಟ್ಟೆಗೆ ಬಂದು ಎರಡು ವರ್ಷ ಆಗಿತ್ತು, ಒಪ್ಪಿಗೆ ಇಲ್ಲದ ಕಡೆಗಳಲ್ಲೇ ಅದರ ಬಹುಪಾಲು ಬಳಕೆ ಆಗ್ತಿತ್ತು. ಕತ್ತಿಗೆ ಹಾಕಿದಾಗ ಗಂಟಲು ಊದಿ ಉಸಿರಿಗೇ ಕುತ್ತು ಬಂದ ವರದಿಗಳ ಮೇಲೆ 2008ರ ಜುಲೈಯಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಬೇಕಾಯ್ತು.

2011ರ ಜೂನ್‌ನಲ್ಲಿ ದಿ ಸ್ಪೈನ್ ಜರ್ನಲ್ ಒಂದು ಇಡೀ ಸಂಚಿಕೆಯನ್ನೇ ಇದಕ್ಕೆ ಮೀಸಲಿಟ್ಟಿತು. ಸ್ಟ್ಯಾನ್‌ಫರ್ಡ್‌ನ ಯೂಜೀನ್ ಕ್ಯಾರಗೀ ಮತ್ತು ಜೊತೆಯವರು ಕಂಪನಿ ಹಣದಿಂದ ನಡೆದ 13 ಅಧ್ಯಯನಗಳನ್ನ ತೆಗೆದಿಟ್ಟರು. 780 ಜನ ಈ ಪ್ರೋಟೀನ್ ಪಡೆದಿದ್ದರು, ಅದರಿಂದಾದ ಅಡ್ಡಪರಿಣಾಮ ಅಂತ ಆ ಲೇಖನಗಳಲ್ಲಿ ಬರೆದದ್ದು ಸೊನ್ನೆ. ಸಾಮಾನ್ಯ ನೋವಿನ ಮಾತ್ರೆಗೂ ಸೊನ್ನೆ ಬರಲ್ಲ! ಎಫ್‌ಡಿಎ ಕಡತಗಳನ್ನೂ ಬೇರೆ ದಾಖಲೆಗಳನ್ನೂ ಎದುರುಬದುರು ಇಟ್ಟಾಗ ನಿಜವಾದ ಅಪಾಯ ಮೊದಲು ಹೇಳಿದ್ದಕ್ಕಿಂತ 10ರಿಂದ 50 ಪಟ್ಟು ಇರಬಹುದು ಅಂತ ಅವರು ಅಂದಾಜು ಮಾಡಿದರು. ನಮ್ಮ ಭಾಷೇಲಿ ಹೇಳೋದಾದ್ರೆ, ಲೆಡ್ಜರ್ ತೆಗೆದು ವೌಚರ್ ಜೊತೆ ತಾಳೆ ನೋಡಿದರು.

ಎಂಟನೇ ಪ್ರಶ್ನೆಗೆ ಬರೋಣ. ಹೊಟ್ಟೆ ಕಡೆಯಿಂದ ಆಪರೇಷನ್ ಆದ ಕೆಲವು ಗಂಡಸರಿಗೆ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹಿಂದಿರುಗೋ ತೊಂದರೆ ಬರುತ್ತೆ. ಮಕ್ಕಳು ಬೇಕು ಅನ್ನೋರಿಗೆ ಇದು ಸಣ್ಣ ಮಾತಲ್ಲ. ಮೊದಲಿನ ಲೇಖನ ಇದನ್ನ ಕೊಯ್ಯೋ ದಾರಿಯ ಮೇಲೆ ಹಾಕಿತ್ತು. ಕ್ಯಾರಗೀ ತಮ್ಮಲ್ಲಿನ ರೋಗಿಗಳ ಲೆಕ್ಕ ತೆಗೆದರು: ಪ್ರೋಟೀನ್ ಪಡೆದ 69 ಗಂಡಸರಲ್ಲಿ 5 ಜನ, ಪಡೆಯದ 174ರಲ್ಲಿ ಒಬ್ಬ. ಇಂಥದನ್ನ ರೋಗಿ ತಾನಾಗಿ ಹೇಳಲ್ಲ, ಡಾಕ್ಟರ್ ಕೇಳಲ್ಲ, ಬರೆಯೋನು ಬರೆಯಲ್ಲ. ನಾನೂ ಎದ್ದು ಹೋದವನೇ.

2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿ ಬಂತು. ಲೇಖನಗಳ ಕರಡನ್ನ ತಿದ್ದೋದರಲ್ಲಿ ಕಂಪನಿ ನೌಕರರ ಕೈ ಇತ್ತು, ಬರೆದ ವೈದ್ಯರಿಗೆ 1996ರಿಂದ 2010ರವರೆಗೆ ರಾಯಲ್ಟಿ, ಸಲಹಾ ಶುಲ್ಕ ಅಂತ ಸುಮಾರು 21 ಕೋಟಿ ಡಾಲರ್ ಸಂದಿತ್ತು ಅಂತ ಅದರಲ್ಲಿದೆ. ಅನುಚಿತ ಪ್ರಭಾವ ಬೀರಿದೆವು ಅನ್ನೋದನ್ನ ಕಂಪನಿ ಒಪ್ಪಲಿಲ್ಲ. ಒಂದು ಕಂಪನಿಯ ಲಾಭದಲ್ಲಿ ಪಾಲು ಇರೋನು ಅದರ ಆಡಿಟರ್ ಆಗಬಾರದು ಅಂತ ನಾವು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೀತೀವಿ.

ಕಂಪನಿಯ ಪರವಾಗಿ ಒಂದು ಮಾತೂ ಹೇಳಬೇಕು, ಇಲ್ಲಾಂದ್ರೆ ನಂದೂ ಒಮಿಷನ್ ಆಗುತ್ತೆ. 2011ರಲ್ಲೇ ಮೆಡ್‌ಟ್ರಾನಿಕ್ ತನ್ನ ಹತ್ತಿರ ಇದ್ದ ಪರೀಕ್ಷೆಗಳ ಪೂರ್ತಿ ಮಾಹಿತಿಯನ್ನ ಯೇಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು, ಖರ್ಚಿಗೆ 25 ಲಕ್ಷ ಡಾಲರ್ ಕೂಡ. ಆ ಕಾಲಕ್ಕೆ ಯಾರೂ ಹಾಗೆ ಮಾಡ್ತಿರಲಿಲ್ಲ. ಒಂದು ಇಂಗ್ಲೆಂಡಿನ ತಂಡ, ಒಂದು ಅಮೆರಿಕದ ತಂಡ ಅದನ್ನ ಪರಸ್ಪರ ಮಾತಾಡದೆ ಬೇರೆ ಬೇರೆ ಕೂತು ಲೆಕ್ಕ ಹಾಕಿದವು. 2013ರ ಜೂನ್‌ನಲ್ಲಿ ಉತ್ತರ ಬಂತು: ಸೊಂಟದ ಮೂಳೆಗಿಂತ ಇದು ರೋಗಿಗೆ ಹೇಳಿಕೊಳ್ಳೋ ಅಂಥ ಲಾಭ ಕೊಟ್ಟಿಲ್ಲ. ಕ್ಯಾನ್ಸರ್ ಬಗ್ಗೆ ಖಚಿತವಾಗಿ ಹೇಳೋವಷ್ಟು ಪುರಾವೆ ಇಲ್ಲ. ಹೆಚ್ಚು ಡೋಸಿನ ಆಂಪ್ಲಿಫೈ ಅನ್ನೋ ಮುಂದಿನ ಸಾಧನಕ್ಕೆ ಇದೇ ಕ್ಯಾನ್ಸರ್ ಅನುಮಾನದಿಂದ ಎಫ್‌ಡಿಎ ಅಷ್ಟರಲ್ಲಾಗಲೇ ಒಪ್ಪಿಗೆ ನಿರಾಕರಿಸಿತ್ತು. ಇನ್‌ಫ್ಯೂಸ್ ಇವತ್ತಿಗೂ ಬಳಕೆಯಲ್ಲಿದೆ, ಮೂಳೆ ಸುಲಭಕ್ಕೆ ಕೂಡದ ರೋಗಿಗಳಿಗೆ ಅದು ಬೇಕು ಅನ್ನೋ ಸರ್ಜನ್‌ಗಳಿದ್ದಾರೆ.

8/8

ಕೊನೇ ಫೋಟೋ ಆಸ್ಪತ್ರೆಯ ಎಸ್ಟಿಮೇಟ್. ಎಲ್ಲಾ ಬ್ಲರ್ ಮಾಡಿದ್ದೀನಿ, ‘ಇಂಪ್ಲಾಂಟ್’ ಅನ್ನೋ ಒಂದು ಸಾಲು ಬಿಟ್ಟು. ಕೋಣೆ, ಅರಿವಳಿಕೆ, ಔಷಧಿ ಎಲ್ಲಾ ಸೇರಿದರೂ ಆ ಒಂದು ಸಾಲಿನ ಅರ್ಧ ಆಗಲ್ಲ.

ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳಿಗೆ ಅಂತಲೇ ನಿಯಮಗಳು ಬಂದದ್ದು 2017ರಲ್ಲಿ, ಜಾರಿಯಾದದ್ದು 2018ರ ಜನವರಿ 1ರಿಂದ. ಅಪಾಯದ ಪ್ರಕಾರ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಅದಕ್ಕೂ ಮುಂಚೆ, 2007ರಿಂದ, ಮನುಷ್ಯರ ಮೇಲೆ ನಡೆಯೋ ಪ್ರಯೋಗಗಳನ್ನ ಬರೆದಿಡೋ ಸಿಟಿಆರ್‌ಐ ಅನ್ನೋ ಸಾರ್ವಜನಿಕ ದಾಖಲೆ ಇದೆ. ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಪ್ರಯೋಗಕ್ಕೆ ಹಣ ಯಾರು ಹಾಕ್ತಿದ್ದಾರೆ ಅನ್ನೋ ಕಾಲಂ ಕೂಡ ಅದರಲ್ಲಿದೆ. ನಾನು ಮೊದಲು ನೋಡಿದ್ದೇ ಅದನ್ನ.

ಗುರುವಾರ ಮತ್ತೆ ಅಪಾಯಿಂಟ್‌ಮೆಂಟ್. ಪ್ರಿಸ್ಕ್ರಿಪ್ಷನ್ ಹಾಳೆ ಹಿಂದೆ ಪ್ರಶ್ನೆ ಬರ್ಕೊಂಡಿದ್ದೀನಿ. ಕೇಜ್ ಹೆಸರೇನು, ಅದರೊಳಗೆ ತುಂಬೋದು ಏನು. ಮುಂದಿನಿಂದ ಕೊಯ್ತೀರಾ, ಹಿಂದಿನಿಂದಲಾ, ಆ ಬಳಕೆಗೇ ಒಪ್ಪಿಗೆ ಇದ್ಯಾ. ನೀವು ಇದನ್ನ ಎಷ್ಟು ಜನಕ್ಕೆ ಹಾಕಿದ್ದೀರಿ, ಎರಡು ವರ್ಷ ಕಳೆದವರು ಎಷ್ಟು ಜನ, ಅವರು ಎಷ್ಟು ಹೊತ್ತು ಕೂರ್ತಾರೆ. ಆಪರೇಷನ್ ಇಲ್ಲದೆ ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ಏನು ಕಳ್ಕೋತೀವಿ.

ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, ‘ಡಾಕ್ಟ್ರಿಗೆ ಬೇಜಾರಾಗೋ ಹಾಗೆ ಕೇಳಬೇಡ ಮಗಾ’ ಅಂದ್ರು. ಆಮೇಲೆ ಹಾಳೆ ಈಸ್ಕೊಂಡು, ನನ್ನ ಪೆನ್ನು ತಗೊಂಡು, ಕೆಳಗೆ ತಾವೇ ಒಂದು ಸಾಲು ಸೇರಿಸಿದ್ರು. ಏನು ಬರೆದ್ರು ಅಂತ ನಾನು ನೋಡಲಿಲ್ಲ. ಮಡಚಿ ಅಂಗಿ ಜೇಬಿಗೆ ಇಟ್ಕೊಂಡಿದ್ದಾರೆ.